ಹರಿದು ಹೋಗುವ ನೀರಿನ ಮೇಲೆ ಆಟದ ಹಕ್ಕು: ಸೂಳೆಕೆರೆಯ ತೂಬಿನಿಂದ ಕಾಳಿಯ ಸುಳಿಯವರೆಗೆ

ಭದ್ರಾ ನಾಲೆಗೆ ನೀರು ಬಿಡುವ ದಿನ ಗೊತ್ತುಪಡಿಸಲು ನೀರಾವರಿ ಸಲಹಾ ಸಮಿತಿ ಸೇರಿದಾಗಲೆಲ್ಲ ಚನ್ನಗಿರಿಯಿಂದ ಮಲೇಬೆನ್ನೂರಿನವರೆಗಿನ ರೈತರ ಪ್ರಶ್ನೆ ಒಂದೇ: ಕೊನೆಭಾಗಕ್ಕೆ ನೀರು ತಲುಪುತ್ತದೆಯೇ? ಇಂಥ ಸೀಮೆಯಲ್ಲಿ ರ‍್ಯಾಫ್ಟಿಂಗ್‌ನಂಥ ಜಲಕ್ರೀಡೆಯ ನೀರಿನ ಹಕ್ಕನ್ನು ಚರ್ಚಿಸುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಹಕ್ಕನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಈ ಸೀಮೆಯ ಕೆರೆಗಳೇ ಹಳೆಯ ಉತ್ತರವೊಂದನ್ನು ಇಟ್ಟುಕೊಂಡಿವೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಮಾಡಿದ ಕೆರೆ. ಅದರ ನೀರು ಸಿದ್ಧನ ತೂಬು, ಬಸವನ ತೂಬುಗಳಿಂದ ಗದ್ದೆಗಿಳಿಯುತ್ತದೆ. ನಮ್ಮ ಹಳೆಯ ಕೆರೆಗಳ ತೂಬನ್ನು ಹತ್ತಿರದಿಂದ ನೋಡಬೇಕು: ನೀರೊಳಗೆ ನಿಲ್ಲಿಸಿದ ಎರಡು ಕಲ್ಲುಕಂಬ, ನಡುವೆ ಇಳಿಬಿಟ್ಟ ಗೂಟ, ತಳದಲ್ಲಿ ಕಲ್ಲು ಕೊರೆದು ಮಾಡಿದ ಕಂಡಿ. ನೀರುಗಂಟಿ ಗೂಟವನ್ನು ಎಷ್ಟು ಎತ್ತಿದನೋ ಅಷ್ಟು ನೀರು. ಕಾಗದಪತ್ರಕ್ಕಿಂತ ಮೊದಲೇ ಆ ಕಂಡಿಯ ಅಗಲ ಹಕ್ಕಿಗೆ ಎಲ್ಲೆ ಹಾಕಿತ್ತು.

ಅಮೆರಿಕದ ಕೊಲರಾಡೊ ಇದೇ ತರ್ಕಕ್ಕೆ ಬೇರೆ ದಾರಿಯಿಂದ ಬಂತು. ನೀರನ್ನು ನದಿಯಿಂದ ಹೊರಗೆ ತಿರುಗಿಸಿದವನಿಗೇ ಹಕ್ಕು ಎಂಬುದು ಅಲ್ಲಿನ ರೂಢಿ. 1992ರಲ್ಲಿ ಫೋರ್ಟ್ ಕಾಲಿನ್ಸ್ ನಗರದ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಹೊಳೆಯಲ್ಲೇ ಕಟ್ಟಿದ ರಚನೆಯು ನೀರಿನ ಹರಿವನ್ನು ನಿಯಂತ್ರಿಸಿದರೆ ಅದೂ ಹಕ್ಕಿಗೆ ಆಧಾರವಾಗಬಲ್ಲದು ಎಂದಿತು. ಬಳಿಕ ಗೋಲ್ಡನ್ ನಗರ, ಹೊಳೆಯಲ್ಲಿ ಬಂಡೆ ಜೋಡಿಸಿ ಮಾಡಿದ ತನ್ನ ದೋಣಿಯಾಟದ ಹಾದಿಗೆ ಗರಿಷ್ಠ 1000 ಕ್ಯೂಸೆಕ್‌ವರೆಗೆ ಹಕ್ಕು ಪಡೆಯಿತು. 2001ರ ಶಾಸನ ಇಂಥ ಹಕ್ಕನ್ನು ಸ್ಥಳೀಯ ಸಂಸ್ಥೆಗಳಿಗೆ ಸೀಮಿತಗೊಳಿಸಿ, ಸಮಂಜಸವಾದ ಕ್ರೀಡಾನುಭವಕ್ಕೆ ಬೇಕಾದ ಕನಿಷ್ಠ ಹರಿವಿಗೆ ಮಾತ್ರ ಒಪ್ಪಿತು. ಹೀಗಾಗಿ ಹಾದಿಯ ವಿನ್ಯಾಸವೇ ಸಾಕ್ಷ್ಯವಾಯಿತು. ಬಂಡೆಗಳನ್ನು ಹೇಗೆ ಕೂಡಿಸಿದರೆ ಎಷ್ಟು ನೀರಿನಲ್ಲಿ ಅಲೆ ಏಳುತ್ತದೆ ಎಂಬ ಎಂಜಿನಿಯರ್‌ನ ಲೆಕ್ಕ ನ್ಯಾಯಾಲಯದ ಲೆಕ್ಕವೂ ಆಯಿತು.

ನಮ್ಮಲ್ಲಿ ಅಂಥ ಹಕ್ಕಿಗೆ ನೆಲೆಯಿಲ್ಲ. 2002ರ ರಾಷ್ಟ್ರೀಯ ಜಲನೀತಿ ಕುಡಿಯುವ ನೀರು, ನೀರಾವರಿ, ಜಲವಿದ್ಯುತ್, ಪರಿಸರ, ಕೈಗಾರಿಕೆ, ನೌಕಾಯಾನ ಎಂದು ಸಾಲಾಗಿ ಹೇಳಿ, ಉಳಿದದ್ದನ್ನೆಲ್ಲ ‘ಇತರ ಬಳಕೆ’ಗೆ ಸೇರಿಸಿತು. ಗಣೇಶಗುಡಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ನೀರು ಹೊರಬಂದಾಗ. ಟರ್ಬೈನ್ ನಿಂತರೆ ರಾಫ್ಟು ದಡ ಸೇರುತ್ತದೆ. ಅಲ್ಲಿರುವುದು ಹಕ್ಕಲ್ಲ, ಇನ್ನೊಬ್ಬರ ವೇಳಾಪಟ್ಟಿಯ ಜೊತೆಗಿನ ಹೊಂದಾಣಿಕೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಗೂ ಈ ಹೊಂದಾಣಿಕೆಯೇ ಸರಿಯಾದ ಮಾದರಿ ಎಂಬುದು ನನ್ನ ನಿಲುವು. 1000 ಕ್ಯೂಸೆಕ್ ಹರಿವು ಸುಮಾರು 12 ದಿನ ಇದ್ದರೆ 1 ಟಿಎಂಸಿ ಆಗುತ್ತದೆ. ದೋಣಿ ಆ ನೀರನ್ನು ಕುಡಿಯುವುದಿಲ್ಲ ನಿಜ. ಆದರೆ ಆಟಕ್ಕೆಂದೇ ಬೇಸಿಗೆಯಲ್ಲಿ ಅಷ್ಟನ್ನು ಬಿಡಿಸಿಕೊಂಡರೆ ಜಲಾಶಯದಿಂದ ಹೋದ ನೀರು ಮತ್ತೆ ಬಾರದು. ಬೇಕಾದ ಹೊತ್ತಿಗೆ ಗದ್ದೆಗೆ ಸಿಗದು. ಮಳೆಗಾಲದಲ್ಲಿ ಹೊನ್ನಾಳಿಯ ಬಾಲರಾಜ್ ಘಾಟ್‌ಗೆ ತುಂಗಭದ್ರೆ ನುಗ್ಗುವಾಗ ನೀರು ಬೇಕಾದಷ್ಟಿದೆ, ಆದರೆ ಅದು ಆಟವಾಡುವ ನೀರಲ್ಲ. ನ್ಯಾಮತಿ ಕಡೆಯ ಹೊಳೆಗೂ ಈ ಮಾತು ಸಲ್ಲುತ್ತದೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಜಗಳೂರಿನಲ್ಲಂತೂ ಆಟಕ್ಕೆಂದು ಒಂದು ಹನಿಯನ್ನೂ ಕೇಳುವುದು ತಪ್ಪು.

ಆದ್ದರಿಂದ ಇಲ್ಲಿ ಯಾರಾದರೂ ಇಂಥ ಹಾದಿಯ ನಕ್ಷೆ ತಂದರೆ ಅಲೆಯ ಎತ್ತರಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ. ರೈತರಿಗೆಂದು ಬಿಟ್ಟ ಹರಿವಿನಲ್ಲೇ ಅದು ನಡೆಯುತ್ತದೆಯೇ? ನೀರು ಇಳಿದಾಗ ಮೀನು ದಾಟುವ ಆಳ ಉಳಿಯುತ್ತದೆಯೇ? ನಾಲೆಯಲ್ಲಾದರೆ, ನೀರು ಹೇಗೂ ಧುಮುಕುವ ಡ್ರಾಪ್‌ಗಳ ಜಾಗವನ್ನಷ್ಟೇ ಅದು ಬಳಸಬೇಕು. ಸಮತಟ್ಟಾದ ಕಡೆ ಬಂಡೆ ಜೋಡಿಸಿದರೆ ಮೇಲಿನ ಮಟ್ಟ ಏರಿ, ಹರಿವು ಕುಗ್ಗಿ, ಕೊನೆಭಾಗದ ಗದ್ದೆ ಒಣಗುತ್ತದೆ. ಈ ಪರೀಕ್ಷೆಯ ಅಂಕಿಗಳನ್ನು ನೀರಾವರಿ ಸಲಹಾ ಸಮಿತಿಯ ಮುಂದೆ, ಕೊನೆಭಾಗದ ರೈತರು ಕೂತಿರುವಾಗಲೇ ಇಡಬೇಕು.