ಸೊಸೆವೂರಿನ ಮಲೆಪರು, ಕಡಲಾಚೆಯ ಡೇನರು

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ದಾಟಿದರೆ ಬಣಕಲ್. ಅಲ್ಲಿಂದ ಮೂಡಿಗೆರೆ, ಮೂಡಿಗೆರೆಯಾಚೆ ಅಂಗಡಿ. ಇಂದು ಈ ದಾರಿಯುದ್ದಕ್ಕೂ ಕಾಫಿ, ಮೆಣಸಿನ ಬಳ್ಳಿ ಹಬ್ಬಿದ ಮರ, ತಗ್ಗಿನಲ್ಲಿ ಗದ್ದೆ. ಸಾವಿರ ವರ್ಷದ ಹಿಂದೆ ಇಲ್ಲಿ ಕಾಫಿಯ ಹೆಸರನ್ನು ಯಾರೂ ಕೇಳಿರಲಿಲ್ಲ. ದಟ್ಟ ಕಾಡಿತ್ತು, ಕಾಡಿನ ನಡುವೆ ತುರುಹಟ್ಟಿಗಳಿದ್ದವು, ಕಣಿವೆಗೊಬ್ಬ ಒಡೆಯನಿದ್ದ. ಶಾಸನಗಳು ಆ ಒಡೆಯರನ್ನು ಮಲೆಪರು ಎನ್ನುತ್ತವೆ. ಅವರಲ್ಲಿ ಒಂದು ಮನೆತನ ಸೊಸೆವೂರಿನಲ್ಲಿ, ಅಂದರೆ ಇಂದಿನ ಅಂಗಡಿಯಲ್ಲಿ, ನೆಲೆನಿಂತು ಉಳಿದವರನ್ನೆಲ್ಲ ಬಗ್ಗಿಸಿ 'ಮಲೆಪರೊಳ್ ಗಂಡ' ಎಂಬ ಬಿರುದನ್ನು ಧರಿಸಿತು. ಅವರೇ ಹೊಯ್ಸಳರು.

ಈಚಿನ ವರ್ಷಗಳಲ್ಲಿ ಮಲೆನಾಡಿನ ಮನೆಗಳಿಗೂ ಬಂದು ತಲುಪಿದ ಇಂಗ್ಲಿಷ್ ಧಾರಾವಾಹಿಯೊಂದಿದೆ, 'ದಿ ಲಾಸ್ಟ್ ಕಿಂಗ್‌ಡಮ್'. ಬರ್ನಾರ್ಡ್ ಕಾರ್ನ್‌ವೆಲ್ ಅವರ ಕಾದಂಬರಿಗಳನ್ನು ಆಧರಿಸಿ 2015ರಲ್ಲಿ ಶುರುವಾಗಿ 2022ರಲ್ಲಿ ಮುಗಿಯಿತು. ಸ್ಯಾಕ್ಸನ್ನರಲ್ಲಿ ಹುಟ್ಟಿ ಡೇನರ ಮನೆಯಲ್ಲಿ ಬೆಳೆದ ಉಟ್ರೆಡ್ ಅದರ ನಾಯಕ. ಆ ನಾಯಕ ಕಲ್ಪಿತ. ಅವನ ಸುತ್ತಲಿನ ದೊರೆ ಆಲ್‌ಫ್ರೆಡ್, ಡೇನರ ಗುತ್ರಮ್, ಮರ್ಸಿಯಾದ ಒಡತಿ ಏಥೆಲ್‌ಫ್ಲೆಡ್ ಚರಿತ್ರೆಯವರೇ. ಕಥೆಯನ್ನು ಕಟ್ಟಿಹಿಡಿದಿರುವುದು ಆಳು ಒಡೆಯನಿಗೆ ಕೊಟ್ಟ ಮಾತು. ಅದನ್ನು ನೋಡುವಾಗಲೆಲ್ಲ ನನಗೆ ನಮ್ಮ ಮಲೆಪರ ನೆನಪಾಗುತ್ತದೆ. ಆ ಕಾಲ, ಆ ಬಗೆಯ ಬಾಳು, ಆ ಬಗೆಯ ಸಾವು ಈ ಗುಡ್ಡಗಳಲ್ಲಿಯೂ ನಡೆದುಹೋಗಿವೆ. ಇಲ್ಲಿ ಅದನ್ನು ಹೇಳುವ ಕಲ್ಲುಗಳಿವೆ, ಹೇಳುವವರು ಕಡಿಮೆ.

ಮೊದಲು ಇಂಗ್ಲೆಂಡಿನ ಕಥೆ. 793ರಲ್ಲಿ ಅಲ್ಲಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಸೂರೆಮಾಡಿದ ವೈಕಿಂಗರು, ಅಂದರೆ ಡೇನರೂ ಅವರ ನೆರೆಯವರೂ, 865ರಲ್ಲಿ ದೊಡ್ಡ ದಂಡಾಗಿ ಬಂದಿಳಿದರು. ಮರುವರ್ಷವೇ ಯಾರ್ಕ್ ಅವರ ಕೈಸೇರಿತು. 871ರಲ್ಲಿ ಸ್ಯಾಕ್ಸನ್ನರ ವೆಸೆಕ್ಸ್ ರಾಜ್ಯದ ಪಟ್ಟವೇರಿದ ಆಲ್‌ಫ್ರೆಡ್ 878ರಲ್ಲಿ ಏಥೆಲ್ನಿಯ ಜೌಗುನೆಲದಲ್ಲಿ ಅಡಗಿದ್ದು, ಅದೇ ವರ್ಷ ಎಡಿಂಗ್ಟನ್ನಿನಲ್ಲಿ ಗುತ್ರಮನನ್ನು ಸೋಲಿಸಿದ. ಡೇನರು ಹೋಗಲಿಲ್ಲ. ಪೂರ್ವ ಮತ್ತು ಉತ್ತರದ ಸೀಮೆಗಳಲ್ಲಿ ಅವರದೇ ಕಟ್ಟಳೆ ನಡೆಯಿತು. ಯಾರ್ಕನ್ನು ಸ್ಯಾಕ್ಸನ್ ದೊರೆಯೊಬ್ಬ ಹಿಡಿದದ್ದು 927ರಲ್ಲಿ. ಅವನು ಆಲ್‌ಫ್ರೆಡನ ಮೊಮ್ಮಗ ಏಥೆಲ್‌ಸ್ಟನ್.

ನಮ್ಮ ನಾಡಿಗೆ ಬಂದ ದಂಡು ಚೋಳರದು. 1004ರ ಸುಮಾರಿಗೆ ಗಂಗರ ತಲಕಾಡು ಅವರ ವಶವಾಗಿ ರಾಜರಾಜಪುರವಾಯಿತು. ಗಂಗವಾಡಿಯೆಂಬ ಹಳೆಯ ನಾಡು ಚೋಳಮಂಡಲದ ಒಂದು ಭಾಗವೆಂದು ಕರೆಸಿಕೊಂಡಿತು. ಗಂಗರ ನೆರಳು ಹೋದ ಮೇಲೆ ಮಲೆಪರಿಗೆ ಆಸರೆ ತಮ್ಮ ಕಾಡು ಮಾತ್ರ. 1006ರಲ್ಲಿ ಚೋಳ ದಂಡನಾಯಕ ಅಪ್ರಮೇಯ ಕಲವೂರಿನ ಬಯಲಿನಲ್ಲಿ ಹೊಯ್ಸಳರ ಮಂತ್ರಿ ನಾಗಣ್ಣನ ಪಡೆಯನ್ನು ಮುರಿದನೆಂದು ಚೋಳರ ಕಡೆಯ ಶಾಸನ ಹೇಳುತ್ತದೆ. ಸೋತವರ ಹೆಸರು ಗೆದ್ದವರ ಕಲ್ಲಿನಲ್ಲಿ ಹೀಗೆ ಉಳಿಯಿತು. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ದೊರೆ ಡೇನರಿಗೆ ಬೆಳ್ಳಿ ತೂಗಿ ಕೊಟ್ಟು ಕಾಲ ನೂಕುತ್ತಿದ್ದ. ಕಡೆಗೆ 1016ರಲ್ಲಿ ಡೇನರ ಕ್ನೂಟ್ ಆ ದೇಶದ ಸಿಂಹಾಸನವನ್ನೇ ಏರಿದ. ಕ್ನೂಟನ ಹಡಗುಗಳು ಉತ್ತರದ ಕಡಲಿನಲ್ಲಿ ಓಡಾಡುತ್ತಿದ್ದ ದಿನಗಳಲ್ಲೇ, 1025ರಲ್ಲಿ, ರಾಜೇಂದ್ರ ಚೋಳನ ಹಡಗುಗಳು ಶ್ರೀವಿಜಯದ ಮೇಲೆ ಎರಗಿದವು. ಸೊಸೆವೂರಿನಲ್ಲಿ ಆಗ ನೃಪಕಾಮ ಹೊಯ್ಸಳ, ಹೇಮಾವತಿಯ ಕೆಳಗಿನ ಕೊಂಗಾಳ್ವರೊಡನೆ ಗಡಿಗಾಗಿ ಹೋರಾಡುತ್ತಿದ್ದ.

ಮಲೆಪರನ್ನು ಸ್ಯಾಕ್ಸನ್ನರಿಗೆ ಹೋಲಿಸಬೇಕೋ ವೈಕಿಂಗರಿಗೋ? ಎರಡೂ ಸರಿ ಎನ್ನುತ್ತೇನೆ. ಬಯಲುಸೀಮೆಯ ಹಳ್ಳಿಯವನಿಗೆ ಅವರು ಕಾಡಿನಿಂದ ಹಠಾತ್ತನೆ ಇಳಿದು ದನ ಹೊಡೆದುಕೊಂಡು ಹೋಗುವ ಜನ. ಚೋಳನ ಎದುರಿನಲ್ಲಿ ಅವರೇ ನೆಲ ಕಾಯುವವರು. ಸೊಸೆವೂರನ್ನು ಬರಿಯ ದನಗಳ್ಳರ ಕೊಪ್ಪಲೆಂದು ತಿಳಿಯಬಾರದು. ಹತ್ತನೆಯ ಶತಮಾನದ ಕೊನೆಗೇ ವಿಮಲಚಂದ್ರನೆಂಬ ಜೈನ ಮುನಿ ಇಲ್ಲಿ ಸನ್ಯಸನದಿಂದ, ಅಂದರೆ ಉಪವಾಸವ್ರತದಿಂದ, ಮುಡಿಪಿದ. 1062ರಲ್ಲಿ ವಿನಯಾದಿತ್ಯ ಹೊಯ್ಸಳನ ಗುರು ಶಾಂತಿದೇವ ಇಲ್ಲಿಯೇ ದೇಹ ಬಿಟ್ಟದ್ದಕ್ಕೆ ಶಾಸನವಿದೆ. ಪಾಳುಬಿದ್ದ ಬಸದಿಗಳೂ ವಾಸಂತಿಕಾ ದೇವಿಯ ಗುಡಿಯೂ ಅಂಗಡಿಯಲ್ಲಿ ಇಂದಿಗೂ ಇವೆ. ಸುದತ್ತ ಮುನಿಯ ಮಾತಿಗೆ ಮನೆತನದ ಮೂಲಪುರುಷನೆನ್ನುವ ಸಳನು ಹುಲಿಯನ್ನು ಹೊಯ್ದ ಕಥೆ ಈ ಗುಡಿಯ ಅಂಗಳದ್ದೇ. ಆದರೆ ಆ ಕಥೆಯನ್ನು ಶಾಸನಗಳು ಹೇಳತೊಡಗಿದ್ದು ವಿಷ್ಣುವರ್ಧನನ ಕಾಲದಲ್ಲಿ, ಮನೆತನ ದೊಡ್ಡದಾದ ಮೇಲೆ.

ಈಗ ಕಲ್ಲುಗಳ ಮಾತು, ಅದಕ್ಕೆ ಮೊದಲು ಕಡಲಾಚೆಯ ಒಂದು ಕಾಳಗ. 991ರಲ್ಲಿ ಮಾಲ್ಡನ್ ಎಂಬಲ್ಲಿ ಡೇನರು ನದಿಯಾಚೆಯಿಂದ ಕಪ್ಪ ಕೇಳಿದಾಗ ಎಸೆಕ್ಸಿನ ನಾಯಕ ಬಿರ್ಟ್‌ನಾತ್ ಕೊಡಲೊಪ್ಪಲಿಲ್ಲ. ಕಾಳಗದಲ್ಲಿ ಅವನು ಬಿದ್ದ, ಕೆಲವರು ಓಡಿದರು, ಅವನ ಮನೆಯ ಆಳುಗಳು ಒಡೆಯನ ಹೆಣದ ಸುತ್ತ ನಿಂತು ಒಬ್ಬೊಬ್ಬರಾಗಿ ಸತ್ತರು. ಅದರ ಮೇಲೊಂದು ಹಳೆಗಾಲದ ಇಂಗ್ಲಿಷ್ ಕಾವ್ಯವಿದೆ, ಆ ಆಳುಗಳ ಹೆಸರುಗಳೂ ಅದರಲ್ಲಿವೆ. ಅಂಥ ಕಾವ್ಯ ಅಲ್ಲಿ ಅಪರೂಪ. ಕನ್ನಡನಾಡಿನಲ್ಲಿ ಸತ್ತ ಆಳಿನ ಹೆಸರು ಉಳಿಸುವುದು ಊರೂರಿನ ವಾಡಿಕೆಯಾಗಿತ್ತು. ತುರುಗೋಳಿನಲ್ಲಿ ದನ ಬಿಡಿಸಿ ಸತ್ತವನಿಗೆ, ಊರಳಿವಿನಲ್ಲಿ ನಿಂತವನಿಗೆ, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಕಾದು ಮಡಿದವನಿಗೆ, ಗಡಿಗಾಳಗದಲ್ಲಿ ಬಿದ್ದವನಿಗೆ ಒಂದೊಂದು ವೀರಗಲ್ಲು. ಅವನು ಗೌಡನ ಮಗನಾಗಿರಬಹುದು, ತುರುಕಾರನಾಗಿರಬಹುದು, ಹೊಲೆಯನಾಗಿರಬಹುದು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ತುದಿಯಲ್ಲಿ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತಿರುತ್ತಾನೆ.

ರಣದಲ್ಲಿ ಸತ್ತವನನ್ನು ವಾಲ್ಕಿರಿಗಳೆಂಬ ಕನ್ಯೆಯರು ಆರಿಸಿ ಓಡಿನನ ವಾಲ್‌ಹಾಲಾಕ್ಕೆ ಒಯ್ಯುತ್ತಾರೆಂದು ವೈಕಿಂಗರು ನಂಬಿದ್ದರು. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದಲ್ಲಿ ಅವರೂ ಕಲ್ಲು ನಿಲ್ಲಿಸಿದ್ದಾರೆ: ಹಡಗು, ಕುದುರೆಯೇರಿ ಬರುವ ವೀರ, ಕೊಂಬಿನಲ್ಲಿ ಪಾನೀಯ ಹಿಡಿದು ಎದುರುಗೊಳ್ಳುವ ಹೆಣ್ಣು. ಒಬ್ಬರನ್ನೊಬ್ಬರು ಎಂದೂ ಕಾಣದ ಎರಡು ಜನ ಸಾವಿನಾಚೆಗೆ ಇಷ್ಟು ಹತ್ತಿರದ ಚಿತ್ರವನ್ನು ಕಂಡುಕೊಂಡದ್ದು ನನ್ನನ್ನು ಯಾವ ಧಾರಾವಾಹಿಯ ಯುದ್ಧಕ್ಕಿಂತ ಆಳವಾಗಿ ತಟ್ಟುತ್ತದೆ.

ರಕ್ತದ ಲೆಕ್ಕ ಮಾತ್ರ ಎರಡೂ ಕಡೆ ಬೇರೆ. ವೆಸೆಕ್ಸಿನಲ್ಲಿ ಸತ್ತವನ ಜೀವಕ್ಕೆ ಬೆಲೆ ಕಟ್ಟಿತ್ತು: ಸಾಮಾನ್ಯನಿಗೆ 200 ಷಿಲ್ಲಿಂಗು, ಕುಲೀನನಿಗೆ 1200. ಕೊಂದವನು ಅದನ್ನು ಸತ್ತವನ ಬಂಧುಗಳಿಗೆ ತೆರಬೇಕು. ಇಲ್ಲಿ ಯಾರಿಗಾಗಿ ಸತ್ತನೋ ಆ ಒಡೆಯನೇ, ಇಲ್ಲವೆ ಊರೇ, ಅವನ ಮನೆಯವರಿಗೆ ಗದ್ದೆ ಬಿಡುತ್ತಿತ್ತು. ಅದು ನೆತ್ತರುಕೊಡಗೆ. ಬದುಕಿ ಬಂದ ವೀರನಿಗೆ ಒಡೆಯ ಕತ್ತಿ ತೊಳೆದು ಕೊಡುವ ಭೂಮಿ ಬಾಳ್ಗಚ್ಚು. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಇದರ ಹೆಸರಾಂತ ಸಾಕ್ಷಿ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಜೊತೆಯಲ್ಲಿ ಕಾದಿ ಬಾಳ್ಗಚ್ಚು ಪಡೆದ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು.

ಧಾರಾವಾಹಿಯ ಏಥೆಲ್‌ಫ್ಲೆಡಳನ್ನು ಮೆಚ್ಚಿದವರಿಗೆ ಒಂದು ಮಾತು ಹೇಳಲೇಬೇಕು. ಅವಳು 917ರಲ್ಲಿ ಡರ್ಬಿ ಕೋಟೆಯನ್ನು ಡೇನರಿಂದ ಗೆದ್ದಳು. ನಮ್ಮಲ್ಲಿ 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ, ರಣಭೈರವಿಯೆಂದು ಹೆಸರಾದವಳು. ಅವಳ ಮೇಲೊಂದು ಧಾರಾವಾಹಿ ಬರಬೇಕೆಂದು ಮನಸಾರೆ ಬಯಸುತ್ತೇನೆ.

ಅದೇ 1047ರಲ್ಲಿ ವಿನಯಾದಿತ್ಯ ಸೊಸೆವೂರಿನ ಒಡೆಯನಾದ. ಐವತ್ತು ವರ್ಷ ಆಳಿದ. 1066ರಲ್ಲಿ ಹೇಸ್ಟಿಂಗ್ಸಿನ ದಿಬ್ಬದ ಮೇಲೆ ದೊರೆ ಹೆರಾಲ್ಡನೂ ಅವನ ಮೈಗಾವಲಿನವರೂ ಒಟ್ಟಿಗೆ ಬಿದ್ದು ಸ್ಯಾಕ್ಸನ್ನರ ರಾಜ್ಯ ಮುಗಿದುಹೋದಾಗ ನಮ್ಮ ಮಲೆಪರು ಇನ್ನೂ ಏಳುತ್ತಿದ್ದರು. ಚಾಲುಕ್ಯರ ಸಾಮಂತನಾಗಿ ವಿನಯಾದಿತ್ಯ ನೆಲ ಬೆಳೆಸಿದ. ಮಗ ಎರೆಯಂಗ ಚಕ್ರವರ್ತಿಯ ಬಲದ ತೋಳೆನಿಸಿ, ಮಾಳವದ ಧಾರಾನಗರವನ್ನು ಸುಟ್ಟವನೆಂದು ಶಾಸನಗಳಲ್ಲಿ ಹೊಗಳಿಸಿಕೊಂಡ. ಮೊಮ್ಮಗ ವಿಷ್ಣುವರ್ಧನ 1116ರ ಸುಮಾರಿಗೆ ತಲಕಾಡನ್ನು ಚೋಳರಿಂದ ಕಿತ್ತುಕೊಂಡ. ಯಾರ್ಕ್ ಮರಳಿ ಬರಲು ಅರವತ್ತು ವರ್ಷ ಹಿಡಿದಿತ್ತು, ತಲಕಾಡಿಗೆ ನೂರಕ್ಕೂ ಮೇಲೆ. ತಲಕಾಡು ಗೆದ್ದ ಮರುವರ್ಷ ಬೇಲೂರಿನ ದೇವಾಲಯ ನಿಂತಿತು. 'ತಲಕಾಡುಗೊಂಡ' ಎಂಬ ಬಿರುದು ಚಿನ್ನದ ನಾಣ್ಯವನ್ನೇರಿತು. ಅಷ್ಟೆಲ್ಲ ಆದ ಮೇಲೂ ಆ ದೊರೆಗಳು 'ಮಲೆಪರೊಳ್ ಗಂಡ' ಎಂಬುದನ್ನು ಬಿಡಲಿಲ್ಲ.

ಮಾತಿನ ಕಟ್ಟು ಎಲ್ಲಿಯವರೆಗೆ ಹೋಯಿತೆಂಬುದನ್ನು ದೋರಸಮುದ್ರದಲ್ಲಿ, ಈಗಿನ ಹಳೇಬೀಡಿನಲ್ಲಿ ನೋಡಬೇಕು. ಜೋಳವಾಳಿಯೆಂದರೆ ಉಂಡ ಅನ್ನದ ಋಣ, ವೇಳೆವಾಳಿಯೆಂದರೆ ಹೊತ್ತು ಬಂದಾಗ ಪ್ರಾಣ ಕೊಡುವ ನೇಮ. ಆ ನೇಮವನ್ನು ಹೊತ್ತ ಮೈಗಾವಲಿನವರಿಗೆ ಗರುಡರೆಂದು ಹೆಸರು. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಆಳುಗಳೊಡನೆ ದೊರೆಯ ಹಿಂದೆಯೇ ಹೋದನೆಂದು ಅಲ್ಲಿನ ಗರುಡಗಂಬ ಹೇಳುತ್ತದೆ. ಮಾಲ್ಡನ್ನಿನ ಆಳುಗಳಿಗೆ ಎದುರಿನಲ್ಲಿ ಶತ್ರುವಿದ್ದ. ಇಲ್ಲಿ ಶತ್ರುವೇ ಇರಲಿಲ್ಲ. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆಳು ಒಡೆಯನ ಸಂಬಂಧ ಬೇರೆ ದಾರಿ ಹಿಡಿದಿತ್ತು. 1215ರಲ್ಲಿ, ಅಂದರೆ ಐದೇ ವರ್ಷ ಮೊದಲು, ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಸರದಾರರು ದೊರೆ ಜಾನನನ್ನು ಕೂರಿಸಿ ಅವನ ಅಧಿಕಾರಕ್ಕೆ ಮೇರೆ ಬರೆಸಿ, ಮುದ್ರೆ ಒತ್ತಿಸಿಕೊಂಡಿದ್ದರು. ಹಳೇಬೀಡಿನ ಕಂಬದ ಮೇಲೆ ಮಾತ್ರ ಕತ್ತಿ ಹಿಡಿದ ಗರುಡರು ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುತ್ತಿದ್ದಾರೆ.