ಶಿಶುವಿಗೆ ದೀಕ್ಷಾಸ್ನಾನ: ಕ್ರೈಸ್ತರ ಚರ್ಚೆಯೂ ನಮ್ಮ ಹೊಣೆಯೂ

ನಮ್ಮ ರಾಜೀವನಗರದಿಂದ ಹೆಚ್ಚು ದೂರವಿಲ್ಲದ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಇಂತಹ ಕಥೋಲಿಕ ಚರ್ಚುಗಳಲ್ಲಿ ಹಸುಗೂಸಿನ ತಲೆಯ ಮೇಲೆ ನೀರೆರೆದು ದೀಕ್ಷಾಸ್ನಾನ ನೀಡುವುದು ಸಂಪ್ರದಾಯ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟಲ್ ಸಭೆಗಳಾದರೋ ಇದನ್ನು ಒಪ್ಪುವುದಿಲ್ಲ. ತನ್ನ ವಿಶ್ವಾಸವನ್ನು ತಾನೇ ನುಡಿಯಬಲ್ಲವನನ್ನು ಮಾತ್ರ ನೀರಿನಲ್ಲಿ ಮುಳುಗಿಸಬೇಕೆಂಬುದು ಅವರ ನಿಲುವು. ಒಂದೇ ಗ್ರಂಥವನ್ನು ಓದುವವರಲ್ಲಿ ಈ ಭೇದವೇಕೆ?

ಈ ಪ್ರಶ್ನೆ ಬಹಳ ಹಳೆಯದು. ಇಂದಿನ ಟ್ಯುನೀಶಿಯಾದಲ್ಲಿದ್ದ ಕಾರ್ಥೇಜ್ ನಗರದ ತೆರ್ತುಲಿಯನ್, ಕ್ರಿ.ಶ. 200ರ ಸುಮಾರಿಗೆ, ಮಕ್ಕಳು ಅರಿಯುವವರೆಗೆ ಕಾಯುವುದು ಲೇಸೆಂದು ಬರೆದನು. ಅದೇ ನಗರದಲ್ಲಿ ಸುಮಾರು 253ರಲ್ಲಿ ಬಿಷಪ್ ಸಿಪ್ರಿಯನ್ ಮತ್ತು ಸಂಗಡಿಗರು, ಸುನ್ನತಿಯಂತೆ ಎಂಟನೆಯ ದಿನದವರೆಗೂ ಕಾಯಬೇಕಾಗಿಲ್ಲವೆಂದು ತೀರ್ಮಾನಿಸಿದರು. ಆದಮರ ಪಾಪವು ಹುಟ್ಟಿನೊಡನೆಯೇ ಮನುಷ್ಯನಿಗೆ ಬರುತ್ತದೆಂದು ಆಗಸ್ಟೀನ್ ವಾದಿಸಿದ ಮೇಲೆ, 418ರ ಕಾರ್ಥೇಜ್ ಸಭೆಯು ಶಿಶು ದೀಕ್ಷಾಸ್ನಾನವನ್ನು ನಿರಾಕರಿಸುವವರನ್ನು ಖಂಡಿಸಿತು.

ಸಾವಿರ ವರ್ಷಗಳ ಬಳಿಕ ಈ ಚರ್ಚೆ ಪ್ರಾಣಕ್ಕೆ ಎರವಾಯಿತು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಸಭೆಯು, ಎಂಟು ದಿನಗಳೊಳಗೆ ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸದವರು ಊರು ಬಿಡಬೇಕೆಂದು ಆಜ್ಞಾಪಿಸಿತು. ಕೆಲವರು ಅದನ್ನು ಧಿಕ್ಕರಿಸಿ, ವಯಸ್ಕರಾಗಿ ಪರಸ್ಪರ ದೀಕ್ಷೆ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜನನ್ನು 1527ರ ಜನವರಿ 5ರಂದು ಲಿಮ್ಮತ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಕೊಂದವರೂ ಸತ್ತವನೂ ಕ್ರೈಸ್ತರೇ.

ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದರು. ಅವರು ಶಿಶು ದೀಕ್ಷಾಸ್ನಾನವನ್ನು ಒಪ್ಪಿದ್ದವರು. ಆದರೂ ಇಲ್ಲಿ ಹೊಸದಾಗಿ ಕ್ರೈಸ್ತರಾದವರು, 1844ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರಂತೆ, ಬುದ್ಧಿ ಬಲಿತ ಮೇಲೆ ನಿರ್ಧರಿಸಿದವರು. ಅಂಥವರ ಮಕ್ಕಳು ವಿಶ್ವಾಸದೊಳಗೇ ಹುಟ್ಟುವವರು. ತಂದೆಗೆ ಆಯ್ಕೆಯಾಗಿದ್ದುದು ಮಗನಿಗೆ ಆಸ್ತಿಯಂತೆ ಬರುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಸೆರಾಂಪುರದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಪಂಥದವರು. ಅವರ ಪಂಥದ ಉತ್ತರ, ಬರುವುದಿಲ್ಲ ಎಂಬುದು.

1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾದವು. ಅಲ್ಲಿ ಶಿಶುಗಳಿಗೂ ವಿಶ್ವಾಸವನ್ನು ನುಡಿದ ವಯಸ್ಕರಿಗೂ ದೀಕ್ಷೆಯುಂಟು. 1970ರ ಉತ್ತರ ಭಾರತ ಸಭೆಯಲ್ಲಿ ಬ್ಯಾಪ್ಟಿಸ್ಟರೂ ಸೇರಿಕೊಂಡು, ಎರಡೂ ಪದ್ಧತಿಗಳಿಗೆ ಒಂದೇ ಸೂರಿನಡಿ ಸ್ಥಾನ ದೊರೆಯಿತು. ನದಿಯಲ್ಲಿ ಮುಳುಗಿಸಿದ ಕಾಲಕ್ಕಿಂತ ಇದು ಎಷ್ಟೋ ಮೇಲಲ್ಲವೇ?

ಇಸ್ಲಾಮಿನಲ್ಲಿ ಈ ವಿವಾದದ ಬುಡವೇ ಇಲ್ಲ. ಆದಮ್(ಅ)ರ ಪಶ್ಚಾತ್ತಾಪವನ್ನು ಅಲ್ಲಾಹನು ಸ್ವೀಕರಿಸಿದನೆಂದೂ, ಒಬ್ಬರ ಪಾಪದ ಹೊರೆಯನ್ನು ಮತ್ತೊಬ್ಬರು ಹೊರುವುದಿಲ್ಲವೆಂದೂ ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆದುದರಿಂದ ಹಸುಗೂಸಿನಿಂದ ತೊಳೆಯಬೇಕಾದ ಪಾಪವಿಲ್ಲ. ಅಲ್‌ಬಕರಃ ಅಧ್ಯಾಯದ 138ನೇ ಸೂಕ್ತದಲ್ಲಿ ಬರುವ 'ಸಿಬ್ಗತುಲ್ಲಾಹ್', ಅಂದರೆ ಅಲ್ಲಾಹನ ಬಣ್ಣ, ಎಂಬ ಪದವನ್ನು ವ್ಯಾಖ್ಯಾನಕಾರರು ಮಕ್ಕಳನ್ನು ನೀರಿನಲ್ಲಿ ಅದ್ದುವ ಈ ಪದ್ಧತಿಯ ಹಿನ್ನೆಲೆಯಲ್ಲಿಯೇ ವಿವರಿಸಿದ್ದಾರೆ.

ಆದರೆ ಚರ್ಚೆಯ ಇನ್ನರ್ಧ ನಮಗೂ ತಟ್ಟುತ್ತದೆ. ಪ್ರತಿಯೊಂದು ಮಗುವೂ ಫಿತ್ರತ್‌ನ ಮೇಲೆ ಹುಟ್ಟುತ್ತದೆ, ಹೆತ್ತವರು ಅದನ್ನು ಬೇರೆ ದಾರಿಗೆ ಒಯ್ಯುತ್ತಾರೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಾವು ಕಿವಿಯಲ್ಲಿ ಅಝಾನ್ ಹೇಳುತ್ತೇವೆ, ಏಳನೆಯ ದಿನ ಅಕೀಕಾ ಮಾಡುತ್ತೇವೆ, ಒಳ್ಳೆಯ ಹೆಸರಿಡುತ್ತೇವೆ. ಇವು ಹೆತ್ತವರ ಕರ್ಮಗಳು, ಮಗುವಿನವಲ್ಲ. ಬಾಲಿಗ್ ಆದ ದಿನದಿಂದ ಅದರ ಲೆಕ್ಕ ಅದರದೇ. ಅಷ್ಟರೊಳಗೆ ನಮಾಝ್ ಹೇಗೆಂಬುದರ ಜೊತೆಗೆ ನಮಾಝ್ ಏಕೆಂಬುದನ್ನೂ ಮಗು ನಮ್ಮಿಂದ ಕೇಳಿ ತಿಳಿದಿರಬೇಕು. ಮದ್ರಸಕ್ಕೆ ಕಳುಹಿಸಿದ ಮಾತ್ರಕ್ಕೆ ಆ ಹೊಣೆ ಹೆತ್ತವರ ಹೆಗಲಿನಿಂದ ಇಳಿಯುವುದಿಲ್ಲ.