ವಿದೇಶದಲ್ಲಿ ನೆಲೆಸಿದವರ ತೆರಿಗೆ ನಿವಾಸ ಸ್ಥಿತಿ

ಅನಿವಾಸಿ ಭಾರತೀಯರ ಆದಾಯದಲ್ಲಿ ಎಷ್ಟು ಭಾಗ ಭಾರತದಲ್ಲಿ ತೆರಿಗೆಗೆ ಒಳಪಡುವುದೆಂಬುದು ಅವರ ನಿವಾಸ ಸ್ಥಿತಿಯನ್ನು ಅವಲಂಬಿಸಿದೆ. ಏಪ್ರಿಲ್‌ 1ರಿಂದ ಮಾರ್ಚ್‌ 31ರವರೆಗೆ 182 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಭಾರತದಲ್ಲಿದ್ದವರು ಆ ವರ್ಷಕ್ಕೆ ನಿವಾಸಿಗಳು. ಸ್ವದೇಶಕ್ಕೆ ಭೇಟಿ ನೀಡುವವರ ವಿದೇಶಿ ಮೂಲದ್ದಲ್ಲದ ಆದಾಯವು 15 ಲಕ್ಷ ರೂಪಾಯಿ ಮೀರಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದಲ್ಲಿ, 120 ದಿನಗಳೇ ಸಾಕು.

ವೈಯಕ್ತಿಕ ಆದಾಯ ತೆರಿಗೆಯಿಲ್ಲದ ಸಂಯುಕ್ತ ಅರಬ್‌ ಸಂಸ್ಥಾನದಲ್ಲಿರುವ ಕನ್ನಡಿಗರು 2020ರ ಹಣಕಾಸು ಕಾಯ್ದೆ ತಂದ ನಿಯಮವನ್ನು ವಿಶೇಷವಾಗಿ ಗಮನಿಸತಕ್ಕದ್ದು. ನಿವಾಸದ ಕಾರಣಕ್ಕೆ ಬೇರಾವ ದೇಶದಲ್ಲಿಯೂ ತೆರಿಗೆಗೆ ಬಾಧ್ಯರಲ್ಲದ ಭಾರತೀಯ ಪೌರರ ಮೇಲ್ಕಂಡ ಆದಾಯವು 15 ಲಕ್ಷ ಮೀರಿದಲ್ಲಿ, ಒಂದು ದಿನವೂ ಇಲ್ಲಿರದಿದ್ದರೂ ಅವರನ್ನು ನಿವಾಸಿಗಳೆಂದು ಭಾವಿಸಲಾಗುವುದು. ಇದರಿಂದ ದುಬೈನ ಸಂಬಳಕ್ಕೂ ತೆರಿಗೆ ಬೀಳುವುದೆಂಬ ಆತಂಕ ಸರಿಯಲ್ಲ. ಅವರು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ವರ್ಗಕ್ಕೆ ಸೇರುವುದರಿಂದ, ವಿದೇಶದಲ್ಲಿ ಗಳಿಸಿ ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಆದರೆ ದುಬೈನ ಅಂಗಡಿಯ ನಿಯಂತ್ರಣ ಮಂಗಳೂರಿನ ಮನೆಯಿಂದಲೇ ನಡೆಯುತ್ತಿದ್ದರೆ ಅದರ ಲಾಭ ತೆರಿಗೆಗೆ ಒಳಪಡುವುದು. ಕುಟುಂಬದ ವ್ಯಾಪಾರಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ.

ದ್ವಿತೆರಿಗೆ ನಿವಾರಣಾ ಒಪ್ಪಂದದ ರಿಯಾಯಿತಿ ಕೋರುವವರು ಆ ದೇಶದ ತೆರಿಗೆ ನಿವಾಸ ಪ್ರಮಾಣಪತ್ರವನ್ನು ಪಡೆದಿರತಕ್ಕದ್ದು. ಸಂಯುಕ್ತ ಅರಬ್‌ ಸಂಸ್ಥಾನದೊಂದಿಗಿನ ಒಪ್ಪಂದದಂತೆ ವ್ಯಕ್ತಿಯು ಅಲ್ಲಿ ಕನಿಷ್ಠ 183 ದಿನ ಇದ್ದಿರಬೇಕು. ಈ ಎಣಿಕೆ ಜನವರಿಯಿಂದ ಡಿಸೆಂಬರ್‌ವರೆಗಿನದು, ಏಪ್ರಿಲ್‌ನಿಂದಲ್ಲ.